ಮನೆ ಕಂಪ್ಯೂಟರ್‌ನಲ್ಲೇ ಪೋರ್ಟಲ್ ಕಟ್ಟಬೇಕು, ಅನುಭವ ಇದ್ದವರು ಹೇಳಿ

ವಿಜಯಪುರದಿಂದ:
ನಮಸ್ಕಾರ. ಒಣದ್ರಾಕ್ಷಿ ದರ, ಊರಿನ ಸುದ್ದಿ ಹಾಕುವ ಕನ್ನಡ ಪೋರ್ಟಲ್ ಮಾಡಬೇಕು ಅಂತಿದ್ದೇನೆ. ಮೊದಲು ಮನೆಯಲ್ಲೇ ಮಾಡಿ ನೋಡಿ, ಆಮೇಲೆ ಹೋಸ್ಟಿಂಗ್ (ಇಂಟರ್ನೆಟ್ ಸರ್ವರಿನಲ್ಲಿ ಬಾಡಿಗೆ ಜಾಗ) ತಗೋತೀನಿ. 4 ಜಿಬಿ ರ್‍ಯಾಮ್ ಇರುವ ಹಳೇ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಇದೇ ಸಾಕಾ, ಬೇರೆ ತಗೊಳ್ಳಬೇಕಾ? ಕೈಯಲ್ಲಿ 30 ಸಾವಿರ ಇದೆ.

ಬಾಗಲಕೋಟೆ ನವನಗರದಿಂದ:
ಹಳೇದರ ಸಹವಾಸವೇ ಬೇಡ ತಮ್ಮ. ನಾನು ಬೆಳಗಾವಿಯ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದೆ, 11,500. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ವಾರದೊಳಗೆ ಹಾರ್ಡ್ ಡಿಸ್ಕ್ ಕಟಕಟ ಅನ್ನತೊಡಗಿತು. ಅದರ ಬದಲಿಗೆ ಎಸ್‌ಎಸ್‌ಡಿ 1,850. ರ್‍ಯಾಮ್ 1,400. ಆಮೇಲೆ ಒಳಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸುಟ್ಟಿತು, 950. ಗ್ಯಾರಂಟಿ ಕೇಳಿದರೆ "ಅದು ಮದರ್‌ಬೋರ್ಡಿಗೆ ಮಾತ್ರರೀ" ಅಂದ. ಒಟ್ಟು 15,700, ಬಸ್ ಚಾರ್ಜು ಬಿಟ್ಟು.
ಇದನ್ನೂ ನುಂಗಿಕೊಂಡೆ. ಏಪ್ರಿಲ್‌ನಲ್ಲಿ ಗಾಳಿ ಮಳೆ ಬಂದು ಕರೆಂಟು ಹೋಯಿತು, ಆಗ ಎಕ್ಸಾಂಪ್ (ಮನೆ ಕಂಪ್ಯೂಟರನ್ನೇ ಸರ್ವರ್ ಮಾಡುವ ಉಚಿತ ತಂತ್ರಾಂಶ) ಓಡುತ್ತಿತ್ತು. ಕರೆಂಟು ಬಂದ ಮೇಲೆ ಅದರ ಡೇಟಾಬೇಸ್ ಮೈಎಸ್‌ಕ್ಯೂಎಲ್‌ಗೆ ಸ್ಟಾರ್ಟ್ ಒತ್ತಿದರೆ ಒಂದು ಕ್ಷಣ ಬಣ್ಣ ಬರುತ್ತದೆ, ಹೋಗುತ್ತದೆ, ಕೆಳಗೆ ಕೆಂಪು ಸಾಲು. ಯಾವುದೋ ವಿಡಿಯೊ ನೋಡಿ ಡೇಟಾ ಫೋಲ್ಡರಿನ ಐಬಿಡೇಟಾ1 ಅನ್ನುವ ಡೇಟಾಬೇಸಿನ ಮುಖ್ಯ ಫೈಲನ್ನೇ ಅಳಿಸಿದೆ. 22 ದಿನ ಕೂತು ಟೈಪ್ ಮಾಡಿದ್ದು ಅಲ್ಲಿಗೆ ಮುಗಿಯಿತು. ಮರುದಿನವೇ ಯುಪಿಎಸ್ ತಂದೆ, 3,400. ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಪ್ರತಿ ಸಲ ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತಿತ್ತು.

ಬೆಳಗಾವಿ ಟಿಳಕವಾಡಿಯಿಂದ:
ಫೈಲ್ ಅಳಿಸಿದ್ದು ನೀವು, ಸಿಟ್ಟು ಬೆಳಗಾವಿ ಅಂಗಡಿ ಮೇಲೆ! ವಾರಕ್ಕೊಮ್ಮೆ ಎಕ್ಸ್‌ಪೋರ್ಟ್ ಒತ್ತಿ ಡೇಟಾಬೇಸಿನ ನಕಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರೆ ಏನಾಗುತ್ತಿತ್ತು?
ನನ್ನದೂ 4 ಜಿಬಿ ಹಳೇ ಲ್ಯಾಪ್‌ಟಾಪೇ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು, 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಕೇಳುತ್ತದೆ. ಲುಬುಂಟು ಅನ್ನುವ ಹಗುರವಾದ ಉಚಿತ ಲಿನಕ್ಸ್ ಹಾಕಿದೆ, ಖರ್ಚು ಸೊನ್ನೆ. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಇಡೀ ಸೈಟ್ ಮಾಡಿ ಸರ್ವರಿಗೆ ಏರಿಸಿದ್ದೆ. ಒಂದು ಚಿತ್ರವೂ ಕಾಣಲಿಲ್ಲ. ಬೆಳಗಿನ ಜಾವ ಗೊತ್ತಾಯಿತು: ಫೈಲ್ ಹೆಸರು ಕ್ಯಾಪಿಟಲ್‌ನಲ್ಲಿತ್ತು, ಕೋಡಿನಲ್ಲಿ ಸಣ್ಣಕ್ಷರ. ವಿಂಡೋಸ್ ಎರಡೂ ಒಂದೇ ಅನ್ನುತ್ತದೆ, ಲಿನಕ್ಸ್ ಸರ್ವರ್ ಬೇರೆ ಬೇರೆ ಅನ್ನುತ್ತದೆ. ಸರ್ವರಿನಲ್ಲಿ ಯಾವುದಿದೆಯೋ, ಮನೆಯಲ್ಲೂ ಅದೇ ಇರಲಿ.

ಇಳಕಲ್‌ನಿಂದ:
ಲಿನಕ್ಸ್ ಅಂತ ಕುಣಿಯೋರು ಕನ್ನಡ ಹೇಗೆ ಟೈಪ್ ಮಾಡ್ತಾರೋ! ನಮ್ಮ ಸೀರೆ ಅಂಗಡಿಯ ವಿವರವೆಲ್ಲ ಹಳೇ ನುಡಿ ಫಾಂಟಿನಲ್ಲಿತ್ತು. ಹಾಗೇ ಅಂಟಿಸಿದರೆ ಪುಟದ ತುಂಬ ಇಂಗ್ಲಿಷ್ ಕಸ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿದೆ, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿತ್ತು, ಮೂರು ವಾರ ತಿದ್ದಿದೆ. ಡೇಟಾಬೇಸಿಗೆ ಹಾಕಿದರೆ "ಟೋಪ ತೆನಿ ಸೆರಗು" ಅನ್ನೋದು ಬರೀ ಪ್ರಶ್ನಾರ್ಥಕ ಚಿಹ್ನೆ. ಡೇಟಾಬೇಸಿನ ಟೇಬಲ್ ಕನ್ನಡ ಹಿಡಿಸದ ಲ್ಯಾಟಿನ್1 ಅಕ್ಷರ ಸಂಕೇತದಲ್ಲಿತ್ತು. ಕನ್ನಡವೂ ಹಿಡಿಸುವ ಯುಟಿಎಫ್8ಎಂಬಿ4 ಮಾಡಿ ಎಲ್ಲ ಮತ್ತೆ ತುಂಬಿದೆ. ಇದನ್ನು ಯಾರೂ ಹೇಳೋದಿಲ್ಲ, ಬರೀ ರ್‍ಯಾಮ್ ರ್‍ಯಾಮ್!

ಟಿಳಕವಾಡಿ:
ಲಿನಕ್ಸ್‌ನಲ್ಲೂ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಒತ್ತುವ ಹಾಗೇ ಒತ್ತಬಹುದು. ಗೊತ್ತಿಲ್ಲದೆ ಮಾತಾಡಬೇಡಿ.

ಇಳಕಲ್:
ಹತ್ತು ವರ್ಷದ ಫೈಲ್ ಬದಲಾಯಿಸಿಕೊಡುತ್ತಾ ನಿಮ್ಮ ಐಬಸ್ಸು? ಸುಮ್ನೆ ಇರಿ.

ಜಮಖಂಡಿಯಿಂದ:
ಜಗಳ ಆಮೇಲೆ ಮಾಡಿಕೊಳ್ಳಿ. ನವನಗರದ ಅಣ್ಣಾರೆ, ಇನ್ವರ್ಟರ್ ಇದ್ದೂ ಯುಪಿಎಸ್ ಯಾಕೆ? ಬಹಳಷ್ಟು ಇನ್ವರ್ಟರಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ಯುಪಿಎಸ್ ಕಡೆ ಇಟ್ಟರೆ ಬೇಗ ಬದಲಾಗುತ್ತದೆ, ಸಾಮಾನ್ಯವಾಗಿ ಕಂಪ್ಯೂಟರ್ ಆಫ್ ಆಗೋದಿಲ್ಲ.

ನವನಗರ:
ಅಂಥಾದ್ದೇನೂ ಇಲ್ಲ ನಮ್ಮದರಲ್ಲಿ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ.

ಜಮಖಂಡಿ:
ಹಿಂದುಗಡೆ ನೋಡಿದ್ದೀರಾ?

ನವನಗರ:
ನೋಡಿದೆ. ಜೇಡರ ಬಲೆ ಸರಿಸಿದ ಮೇಲೆ ಕಾಣಿಸಿತು. ನಾರ್ಮಲ್‌ನಲ್ಲಿತ್ತು. ಆದರೂ ಆ ಅಂಗಡಿಯವನದು ಮೋಸವೇ.