ಪೆಪಿನ್ ಪರೀಕ್ಷೆ: ಎಫ್20 ಮತ್ತು ಆಚೆಗೆ. ಭಾಗಾಕಾರ ತಪ್ಪಿಸುವುದು ಹೇಗೆ, ಬಂದ ಶೇಷವನ್ನು ನಂಬುವುದು ಹೇಗೆ?

ಘಾತಾಂಕ (ಪ್ರಶ್ನೆ)

ಫರ್ಮಾ ಸಂಖ್ಯೆಗಳಿಗೆ, ಅಂದರೆ 2^(2^ಎನ್) + 1 ರೂಪದವಕ್ಕೆ (ಚಿಕ್ಕದಾಗಿ ಎಫ್ಎನ್), ಪೆಪಿನ್ ಪರೀಕ್ಷೆಯ ಪ್ರೋಗ್ರಾಂ ಬರೆದಿದ್ದೇನೆ. 3ರಿಂದ ಶುರುಮಾಡಿ 2^ಎನ್ − 1 ಸಲ ವರ್ಗ ಮಾಡುವುದು, ಪ್ರತಿ ಸಲ ಎಫ್ಎನ್ ಇಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳುವುದು; ಕೊನೆಗೆ −1 (ಅಂದರೆ ಎಫ್ಎನ್ ಗಿಂತ ಒಂದು ಕಡಿಮೆ) ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಭಾಜ್ಯ. ಎಫ್14ರವರೆಗೆ ತೊಂದರೆಯಿಲ್ಲ. ಎಫ್20ಕ್ಕೆ ಬಂದರೆ ಪೈಥಾನ್‌ನ ಶೇಷದ ಲೆಕ್ಕಕ್ಕೇ ವಿಪರೀತ ಸಮಯ ಹೋಗುತ್ತಿದೆ. ಭಾಗಾಕಾರ ಬಿಡಲು ದಾರಿ ಇದೆಯೇ? 3ರ ಬದಲು 2 ಇಟ್ಟುಕೊಂಡರೆ ಕೆಲಸ ಹಗುರವಾಗುವುದಿಲ್ಲವೇ? ಹತ್ತು ಲಕ್ಷಕ್ಕೂ ಹೆಚ್ಚು ವರ್ಗಗಳ ನಂತರ ಬಂದ ಶೇಷ ಸರಿ ಎಂದು ಹೇಳುವುದಾದರೂ ಹೇಗೆ?

ಬಿಟ್‌ಸಾಲು

2 ಖಂಡಿತ ಬೇಡ. 2^(2^ಎನ್) ಎಂದರೇ −1. ಹಾಗಾಗಿ ಎನ್ ಸಲ ವರ್ಗ ಮಾಡುವಷ್ಟರಲ್ಲಿ −1, ಮುಂದಿನದರಲ್ಲಿ 1, ಆಮೇಲೆ ಕೊನೆವರೆಗೂ 1. ಸಂಖ್ಯೆ ಅವಿಭಾಜ್ಯವೋ ಭಾಜ್ಯವೋ, ಎರಡಕ್ಕೂ ಉತ್ತರ ಒಂದೇ. ಎನ್ 1 ಅಥವಾ ಹೆಚ್ಚಿದ್ದಾಗ 3, ಎನ್ 2 ಅಥವಾ ಹೆಚ್ಚಿದ್ದಾಗ 5 ಸರಿಹೋಗುತ್ತದೆ.

ಭಾಗಾಕಾರ ಬೇಕಿಲ್ಲ. ವರ್ಗ ಮಾಡಿದ ಮೇಲೆ ಕೆಳಗಿನ 2^ಎನ್ ಬಿಟ್‌ಗಳಿಂದ ಮೇಲಿನ ಬಿಟ್‌ಗಳನ್ನು ಕಳೆಯಿರಿ, ಋಣ ಬಂದರೆ ಎಫ್ಎನ್ ಕೂಡಿಸಿ. ಎಫ್3 = 257ರಲ್ಲಿ ನೋಡಿ: 3, 9, 81, ನಂತರ 6561. ಇದು 25 × 256 + 161; 161 − 25 = 136. ಅದರ ವರ್ಗ 18496, ಅಂದರೆ 72 × 256 + 64; 64 − 72 = −8. ಮುಂದೆ 64, ಆಮೇಲೆ 4096 ಅಂದರೆ −16, ಕೊನೆಗೆ 256, ಅದೇ −1. ಒಟ್ಟು ಏಳು ವರ್ಗ.

ಇಲ್ಲೊಂದು ಅಪಾಯವಿದೆ. 256 ಎಂಟು ಬಿಟ್‌ಗಳಲ್ಲಿ ಹಿಡಿಯುವುದಿಲ್ಲ, ಒಂಬತ್ತು ಬೇಕು. ಜಾಗವನ್ನು ಸರಿಯಾಗಿ 2^ಎನ್ ಬಿಟ್‌ಗೆ ಕತ್ತರಿಸಿದ್ದರೆ ಹಿಡಿಯದೇ ಹೋಗುವ ಏಕೈಕ ಬೆಲೆ −1, ಅಂದರೆ ನೀವು ಹುಡುಕುತ್ತಿರುವ ಉತ್ತರವೇ! ಅದು 0 ಆಗಿ ಕಾಣಿಸಿ, ಅವಿಭಾಜ್ಯವನ್ನು ಭಾಜ್ಯ ಎಂದುಬಿಡುತ್ತೀರಿ. ಎಫ್2, ಎಫ್3, ಎಫ್4 ಮೂರೂ ಅವಿಭಾಜ್ಯ ಎಂದು ಪ್ರೋಗ್ರಾಂ ಹೇಳುವವರೆಗೆ ಮುಂದೆ ಹೋಗಬೇಡಿ. ಒಂದು ವರ್ಗ ಹೆಚ್ಚಾದರೂ −1 ಹೋಗಿ 1 ಬರುತ್ತದೆ, ಎಣಿಕೆಯನ್ನೂ ನೋಡಿಕೊಳ್ಳಿ.

ತರಂಗ64

ಶೇಷದ ಖರ್ಚು ಹೋದ ಮೇಲೆ ಉಳಿಯುವುದು ಗುಣಾಕಾರದ್ದು. ಅಲ್ಲಿ ಎಫ್‌ಎಫ್‌ಟಿ (ದೊಡ್ಡ ಸಂಖ್ಯೆಗಳನ್ನು ತುಂಡು ಮಾಡಿ ಬೇಗ ಗುಣಿಸುವ ವಿಧಾನ) ಇಲ್ಲದೆ ನಡೆಯದು. ಎಫ್24ಕ್ಕೆ 2^24 ಬಿಟ್‌ಗಳನ್ನು 16 ಬಿಟ್‌ನ 2^20 ತುಂಡು ಮಾಡಬಹುದು. ತುಂಡುಗಳನ್ನು ಮೊದಲೇ ತಕ್ಕ ಏಕಮೂಲದ (ಯಾವುದೋ ಘಾತಕ್ಕೆ ಏರಿಸಿದರೆ 1 ಆಗುವ ಸಂಖ್ಯೆಯ) ಘಾತಗಳಿಂದ ಗುಣಿಸಿ ತೂಗಿದರೆ ಸುತ್ತಿ ಬರುವ ಭಾಗ ಋಣ ಚಿಹ್ನೆಯೊಂದಿಗೇ ಬರುತ್ತದೆ. ಆಗ ಸೊನ್ನೆ ತುಂಬಿಸಿ ಉದ್ದ ದುಪ್ಪಟ್ಟು ಮಾಡಬೇಕಿಲ್ಲ, ಮೇಲೆ ಹೇಳಿದ ಕಳೆಯುವಿಕೆಯೂ ಅದರೊಳಗೇ ಮುಗಿಯುತ್ತದೆ.

ತುಂಡುಗಳನ್ನು 0ಯಿಂದ 65535 ಎಂದು ಇಡಬೇಡಿ. 2^20 ಗುಣಲಬ್ಧಗಳ ಮೊತ್ತಕ್ಕೆ 16 + 16 + 20 = 52 ಬಿಟ್; ಕಂಪ್ಯೂಟರಿನ ದಶಾಂಶ ಸಂಖ್ಯೆಯಾದ ಡಬಲ್‌ನಲ್ಲಿರುವುದೇ 53. ದಶಾಂಶದ ದೋಷಕ್ಕೆ ಜಾಗವೇ ಉಳಿಯಲಿಲ್ಲ. −32768ರಿಂದ 32767ರೊಳಗೆ ಇಟ್ಟರೆ ಧನ ಋಣಗಳು ಬಹುಪಾಲು ಒಂದನ್ನೊಂದು ಹೊಡೆದುಹಾಕಿ ಮೊತ್ತ ತುಂಬಾ ಚಿಕ್ಕದಾಗುತ್ತದೆ. ಪ್ರತಿ ಸುತ್ತಿನಲ್ಲೂ ಹತ್ತಿರದ ಪೂರ್ಣಾಂಕದಿಂದ ಎಷ್ಟು ದೂರವಿದೆ ಎಂದು ಅಳೆಯಿರಿ, 0.4 ದಾಟಿದರೆ ನಿಲ್ಲಿಸಿ. ನಿಜವಾದ ದೋಷ 0.6 ಇದ್ದರೂ ಅಳತೆಗೆ ಸಿಗುವುದು 0.4 ಎಂಬುದು ನೆನಪಿರಲಿ.

ಶೇಷಪಾಲ

ಮೂರನೇ ಪ್ರಶ್ನೆಯೇ ನಿಜವಾದ ಕಷ್ಟ. ಭಾಜ್ಯ ಸಂಖ್ಯೆಗೆ ಬರುವ ಶೇಷ ಯಾವುದೋ ಒಂದು ಸಂಖ್ಯೆ. ಮಧ್ಯೆ ಒಂದು ಬಿಟ್ ಕೆಟ್ಟರೂ ಬರುವುದು ಅಂಥದೇ ಇನ್ನೊಂದು. ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು, ಅಪವರ್ತನ ಗೊತ್ತಿರುವ ಸಂಖ್ಯೆಗಳ ಮೇಲೆ ಪ್ರೋಗ್ರಾಂ ಓಡಿಸಿ. ಎಫ್5ಕ್ಕೆ ಕೊನೆಯ ಶೇಷ 10324303 ಬರಬೇಕು. ಎಫ್5ರ ಅಪವರ್ತನ 641 (ಆಯ್ಲರ್, 1732). 10324303ನ್ನು 641ರಿಂದ ಭಾಗಿಸಿದರೆ ಶೇಷ 357. ಇನ್ನೊಂದು ಕಡೆಯಿಂದ, ಆ ಶೇಷ 3^(2^31)ರದು; 641 ಅವಿಭಾಜ್ಯವಾದ್ದರಿಂದ 3^640ರ ಶೇಷ 1, ಹಾಗಾಗಿ ಘಾತದಲ್ಲಿ 640ರ ಗುಣಕಗಳನ್ನು ಬಿಡಬಹುದು. 2^31ನ್ನು 640ರಿಂದ ಭಾಗಿಸಿದರೆ ಉಳಿಯುವುದು 128. 3^128ನ್ನು 641ರಿಂದ ಭಾಗಿಸಿದರೂ ಶೇಷ 357. ಎರಡೂ ಕೂಡಿತು. ದೊಡ್ಡ ಎನ್‌ಗೂ ಇದೇ ತಾಳೆ ನಡೆಯುತ್ತದೆ, ಚಿಕ್ಕ ಕಡೆಯ ಲೆಕ್ಕಕ್ಕೆ ಕ್ಷಣವೂ ಬೇಡ.

ಅಪವರ್ತನ ಗೊತ್ತಿಲ್ಲದ ಎಫ್20, ಎಫ್24ಕ್ಕೆ ಗರ್ಬಿಚ್ ತಪಾಸಣೆ ಹಾಕಿ. 3ರಿಂದಲೇ ಶುರುಮಾಡಿ, ಪ್ರತಿ 1000 ವರ್ಗಕ್ಕೊಮ್ಮೆ ಆಗಿನ ಶೇಷವನ್ನು ಒಂದು ಗುಣಲಬ್ಧಕ್ಕೆ ಸೇರಿಸುತ್ತಾ ಹೋಗಿ. ತಪಾಸಣೆ ಬೇಕೆನಿಸಿದಾಗ, ಈಗಿನದಕ್ಕೆ ಒಂದು ಹೆಜ್ಜೆ ಹಿಂದಿನ ಗುಣಲಬ್ಧವನ್ನು 1000 ಸಲ ವರ್ಗ ಮಾಡಿ 3ರಿಂದ ಗುಣಿಸಿ. ಈಗಿನ ಗುಣಲಬ್ಧವೇ ಬರಬೇಕು. ಬರಲಿಲ್ಲವೆಂದರೆ ಕೊನೆಯ ಸಲ ಸರಿಬಂದಾಗ ಉಳಿಸಿಟ್ಟ ಫೈಲ್‌ಗೆ ಹಿಂತಿರುಗಿ. ಹತ್ತು ಲಕ್ಷ ವರ್ಗಕ್ಕೊಮ್ಮೆ ಮಾಡಿದರೆ ಹೆಚ್ಚುವರಿ ಖರ್ಚು ಶೇಕಡಾ 0.2ರಷ್ಟು. 1999ರಲ್ಲಿ ಎಫ್24 ಭಾಜ್ಯವೆಂದು ತೋರಿಸಿದ ಕ್ರಾಂಡಲ್, ಮೇಯರ್, ಪಪಡೋಪುಲೋಸ್ ಅವರಿಗೆ ಈ ಅನುಕೂಲ ಇರಲಿಲ್ಲ. ದಶಾಂಶದಲ್ಲಿ ಮಾಡಿದ ಲೆಕ್ಕವನ್ನು ಪೂರ್ಣಾಂಕಗಳಲ್ಲೇ ಮತ್ತೆ ಮಾಡಿ ತಾಳೆ ನೋಡಿದರು.

ಇನ್ನೊಂದು: ಕೊನೆಯ 64 ಬಿಟ್ ಮಾತ್ರ ಮುದ್ರಿಸಿ ಉಳಿದದ್ದನ್ನು ಎಸೆಯಬೇಡಿ. ಎಫ್24ರ ಪೂರ್ತಿ ಶೇಷ 2 ಮೆಗಾಬೈಟ್ ಅಷ್ಟೇ. ಮುಂದೆಂದಾದರೂ ಅಪವರ್ತನ ಸಿಕ್ಕರೆ, ಉಳಿದ ಭಾಗವೂ ಭಾಜ್ಯವೇ ಎಂದು ಸುಯಾಮಾ ವಿಧಾನದಿಂದ ಈ ಶೇಷವನ್ನೇ ಬಳಸಿ ಬೇಗ ನೋಡಬಹುದು. ಇಲ್ಲದಿದ್ದರೆ 1,67,77,215 ವರ್ಗಗಳನ್ನು ಮತ್ತೆ ಮೊದಲಿಂದ ಮಾಡಬೇಕು.

ಘಾತಾಂಕ

ಧನ್ಯವಾದ. −1ಕ್ಕೆ ಒಂದು ಬಿಟ್ ಹೆಚ್ಚು ಬೇಕೆಂಬುದು ಹೊಳೆದಿರಲಿಲ್ಲ. ಇದೇ ದಾರಿಯಲ್ಲಿ ಎಫ್33 ಸಾಧ್ಯವೇ?

ಬಿಟ್‌ಸಾಲು

ಎಫ್33 ಅವಿಭಾಜ್ಯವೋ ಅಲ್ಲವೋ ತೀರ್ಮಾನವಾಗದವುಗಳಲ್ಲಿ ಅತಿ ಚಿಕ್ಕದು, ಆಸೆ ಸಹಜ. ಆದರೆ ಶೇಷವೇ 1 ಗಿಗಾಬೈಟ್, ವರ್ಗಗಳು ಸುಮಾರು 859 ಕೋಟಿ. ಒಂದೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಂಡರೂ 27 ವರ್ಷ. ಒಂದು ಮುಗಿಯದೆ ಇನ್ನೊಂದು ಶುರುವಾಗದ ಲೆಕ್ಕ, ಹತ್ತು ಯಂತ್ರಗಳಿಗೆ ಹಂಚಲೂ ಬರುವುದಿಲ್ಲ.

ಅಪವರ್ತನ ಹುಡುಕಿ. ಅದು ಕೆ × 2^35 + 1 ರೂಪದಲ್ಲೇ ಇರಬೇಕು. ಅಂಥ ಪ್ರತಿ ಸಂಖ್ಯೆಗೂ 2ರಿಂದ ಶುರುಮಾಡಿ 33 ಸಲ ವರ್ಗ ಮಾಡಿ ಅದರಿಂದಲೇ ಶೇಷ ತೆಗೆಯಿರಿ. −1 ಬಂದರೆ ಸಿಕ್ಕಿತು. ಈ ಕೆಲಸವನ್ನು ಎಷ್ಟು ಯಂತ್ರಗಳಿಗಾದರೂ ಹಂಚಬಹುದು. ಎಫ್23 ಭಾಜ್ಯವೆಂದು 1878ರಲ್ಲೇ ಪೆರ್ವುಶಿನ್ ತೋರಿಸಿದ್ದು ಇಂಥದೇ ಒಂದು ಅಪವರ್ತನದಿಂದ: 5 × 2^25 + 1, ಅಂದರೆ 16,77,72,161.