ಶ್ರೀಶೈಲ ಪಾದಯಾತ್ರೆಯ ತಯಾರಿ: ಕಾಕಾ ಹಾಕಿದ ಪಟ್ಟಿಯ ಬಗ್ಗೆ

(ಮನೆಯವರ ವಾಟ್ಸಾಪ್ ಗುಂಪು. 24 ಗಂಟೆಯ ನಡಿಗೆಗೆ ಮೂವತ್ತು ದಿನಗಳ ತಯಾರಿ ಹೇಳುವ ಪಟ್ಟಿಯೊಂದನ್ನು ಮಾನ್ವಿಯ ಕಾಕಾ ಹಂಚಿಕೊಂಡಿದ್ದಾರೆ.)

ಅಕ್ಕ, ರಾಯಚೂರು: ಕಾಕಾ, ಪಟ್ಟಿಯನ್ನು ಪೂರ್ತಿ ಓದಿದೆ, ಆದರೆ ಒಪ್ಪಲಾರೆ. ಇಂಗ್ಲೆಂಡಿನಲ್ಲಿ 1911ರಿಂದ ಇರುವ ದೂರನಡಿಗೆಯವರ ಸೆಂಚುರಿಯನ್ ಬಳಗಕ್ಕೆ ಸೇರಬೇಕಾದವರು 24 ಗಂಟೆಯೊಳಗೆ 100 ಮೈಲಿ, ಅಂದರೆ ಸುಮಾರು 161 ಕಿ.ಮೀ. ನಡೆದು ಮುಗಿಸಬೇಕು, ನೀವು ಹಾಕಿದ ಪಟ್ಟಿ ಅಂಥ ನಡಿಗೆಗೆ ಹೊಂದುವಂಥದ್ದು. ಅವರದು ಒಂದು ಹಗಲು, ಒಂದು ರಾತ್ರಿಯ ಪರೀಕ್ಷೆಯಾದರೆ, ನಿನ್ನೆ ಊದಿದ ಪಾದವನ್ನೇ ಇಂದು ಮತ್ತೆ ನೆಲಕ್ಕೂರಿ ಹೊರಡುವುದು ನಮ್ಮ ಹಲವು ದಿನಗಳ ಯಾತ್ರೆ. ಆದ್ದರಿಂದ ಶನಿವಾರ ನಡೆದ ಕಾಲಿನಲ್ಲೇ ಭಾನುವಾರವೂ ನಡೆದು ನೋಡುವ ಅಭ್ಯಾಸ ಬೇಕು. ದಮ್ಮು ಕೆಲವು ವಾರಗಳಲ್ಲಿ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ದಮ್ಮನ್ನೇ ನಂಬಿ ಅವಸರದಲ್ಲಿ ದೂರ ಏರಿಸಿದವರ ಪಾದದ ಮೂಳೆ ಬಿರುಕು ಬಿಡುವುದುಂಟು. ಹೊರಡುವ ಹಿಂದಿನ ವಾರವೂ ದೂರ ಏರಿಸಬೇಕೆಂಬ ಸಲಹೆಯಂತೂ ತೀರಾ ತಪ್ಪು. ಆಗ ಕಡಿಮೆ ಮಾಡಬೇಕು.

ತಮ್ಮ, ಸಿಂಧನೂರು: ಅಕ್ಕಾ, ನಮ್ಮ ಅಜ್ಜ ಯಾವ ಪಟ್ಟಿ ನೋಡಿ ಹೋದರು? ಯುಗಾದಿ ಬಂತೆಂದರೆ ಯಾತ್ರಿಕರು ಹೆಗಲ ಮೇಲೆ ಹೊತ್ತೊಯ್ಯುವ ಕಂಬಿಯ ಹಿಂದೆ ನಡೆದೇ ಶ್ರೀಶೈಲದ ಮಲ್ಲಯ್ಯನನ್ನು ಕಂಡು ಬರುತ್ತಿದ್ದರು.

ಅಕ್ಕ: ಅಜ್ಜ ವರ್ಷವಿಡೀ ಕುಂಟೆಯ ಹಿಂದೆ ಹೊಲದಲ್ಲಿ ನಡೆದವರು, ಅವರಿಗೆ ಬೇರೆ ತರಬೇತಿ ಬೇಕಿರಲಿಲ್ಲ. ನೀನು ದಿನವಿಡೀ ಕುರ್ಚಿಯಲ್ಲಿ ಕೂರುವವನು. ಬಿಸಿಲಿಗೆ ಮೈ ಒಗ್ಗಲು ಕೂಡ ಹತ್ತು ಹದಿನಾಲ್ಕು ದಿನ ಬೇಕಾಗುತ್ತದೆ. ಇನ್ನು ಗಂಟೆಗೊಮ್ಮೆ ಒತ್ತಾಯದಿಂದ ನೀರು ಕುಡಿಯಬೇಕೆಂದು ಪಟ್ಟಿಯಲ್ಲಿದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಬಾಯಾರಿದಾಗ ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ.

ಕಾಕಾ, ಮಾನ್ವಿ: ಪಟ್ಟಿಯನ್ನು ಬಿಡುತ್ತೇನಮ್ಮ. ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ, ಅದನ್ನು ಹೇಗೆ ಬಿಡಲಿ?

ಅಕ್ಕ: ನನ್ನ ಚಿಂತೆಯೆಲ್ಲ ಅದೇ ಕಾಕಾ. ನಿಮ್ಮಂತೆ ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ಮುಳ್ಳು ನಾಟಿದರೂ, ಕಾದ ಡಾಂಬರಿನಲ್ಲಿ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ. ಶ್ರೀಶೈಲದ ದಾರಿಯಲ್ಲಿ ಸಿಗುವ ಭೀಮನ ಕೊಳ್ಳದ ಕಲ್ಲುದಾರಿಯಲ್ಲಿ ಕಾಲು ಕೆತ್ತಿದರೆ ಅಡವಿಯ ನಡುವೆ ಏನು ಮಾಡುವುದು? ಊದುವ ಪಾದಕ್ಕೆ ಜಾಗವಿರುವ, ಈಗಿನಿಂದಲೇ ಮೆಟ್ಟಿ ಪಳಗಿಸಿದ ಬೂಟು ನಿಮಗೆ ಬೇಕೇ ಬೇಕು.

ಕಾಕಾ: ಮಾತು ಕೊಟ್ಟಿರುವುದು ದೇವರಿಗೆ.

ಅಕ್ಕ: ಹರಕೆಯ ಮಾತನ್ನು ಮಠದ ಸ್ವಾಮಿಗಳನ್ನೇ ಕೇಳೋಣ, ಪಾದವನ್ನು ವೈದ್ಯರಿಗೆ ತೋರಿಸೋಣ. ಸೋಮವಾರ ಮುಂಜಾನೆಯ ಬಸ್ಸಿಗೆ ಮಾನ್ವಿಗೆ ಬರುತ್ತೇನೆ, ಅಲ್ಲಿಯವರೆಗೆ ಬರಿಗಾಲಲ್ಲಿ ಅಭ್ಯಾಸ ಮಾಡಬೇಡಿ.