ಪಿಆರ್ ಏಜೆನ್ಸಿಯವರು ತೋರಿಸುವ ‘ಯಶಸ್ಸು’ ನಂಬಬಹುದಾ? ಹಾಳೆ ತಟ್ಟೆ ಘಟಕಕ್ಕೆ ಸಲಹೆ ಬೇಕು

ಪೆರ್ಲದ ಹಾಳೆಯವ:
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ಉಂಟು. ಎರಡು ಮೆಷಿನ್, ಐದು ಜನ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣದ ಎಫ್‌ಡಿಎ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತಲ್ವಾ, ಅಡಿಕೆಯ ಆಲ್ಕಲಾಯ್ಡ್ ಎಂಬ ರಾಸಾಯನಿಕ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅಂತ. ನಾವು ಅಮೆರಿಕಕ್ಕೆ ಒಂದು ತಟ್ಟೆಯನ್ನೂ ಕಳಿಸಿದವರಲ್ಲ. ಆದರೂ ಈಗ ಊರಿನ ಮದುವೆ ಆರ್ಡರಿನವರೇ "ಇದರಲ್ಲಿ ಉಂಡರೆ ಎಂತ ಆಗುವುದಿಲ್ಲ ಅಲ್ವಾ?" ಎಂದು ಕೇಳುತ್ತಾರೆ.

ಹೀಗಿರುವಾಗ ಪೇಟೆಯಿಂದ ಒಂದು ಪಿಆರ್ ಏಜೆನ್ಸಿಯವರು, ಅಂದರೆ ಪತ್ರಿಕೆಗಳಲ್ಲಿ ಸುದ್ದಿ ಬರುವ ಹಾಗೆ ಮಾಡಿಸುವವರು, ಬಂದರು. ಲ್ಯಾಪ್‌ಟಾಪ್ ತೆರೆದು ತಮ್ಮ ಈಚಿನ ಕ್ಲೈಂಟ್‌ಗಳ ಕೆಲಸ ಅಂತ ಮೂವತ್ತೆಂಟು ಸ್ಲೈಡ್ ತೋರಿಸಿದರು. ಅದರಲ್ಲಿ ಒಂದು ತೆಂಗಿನೆಣ್ಣೆಯವರಿಗೆ 42 ಕಡೆ ಸುದ್ದಿ, ಅದರ ‘ಎವಿಇ’ 63 ಲಕ್ಷ ಅಂತೆ. ನನಗೆ ಹೇಳಿದ ಫೀಸ್ ತಿಂಗಳಿಗೆ 40 ಸಾವಿರ, ಕನಿಷ್ಠ ಆರು ತಿಂಗಳು. ಈ 63 ಲಕ್ಷ ಅಂದರೆ ಎಂತ ಮಾರಾಯ್ರೇ? ಆ ಎಣ್ಣೆಯವರಿಗೆ ಅಷ್ಟು ದುಡ್ಡು ಬಂತಾ?

ಕುಂಬಳೆಯಿಂದ ಬೆಂಗಳೂರಿಗೆ:
ಅಣ್ಣ, ಬಂದಿಲ್ಲ. ನಾಲ್ಕು ವರ್ಷ ನಾನೇ ಅಂಥ ಸ್ಲೈಡ್ ಮಾಡಿದ್ದೇನೆ, ಹಾಗಾಗಿ ಹೇಳುವ ಹಕ್ಕು ಸ್ವಲ್ಪ ಉಂಟು. ಎವಿಇ ಅಂದರೆ, ಸುದ್ದಿ ಬಂದ ಜಾಗಕ್ಕೆ ಅಷ್ಟೇ ದೊಡ್ಡ ಜಾಹೀರಾತು ಹಾಕಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬ ಲೆಕ್ಕ. 200 ಚದರ ಸೆಂಟಿಮೀಟರ್ ಸುದ್ದಿ, ಜಾಹೀರಾತಿನ ದರ ಸೆಂಟಿಮೀಟರಿಗೆ 500 ರೂಪಾಯಿ ಅಂತಿಟ್ಟುಕೊಳ್ಳಿ, ಒಂದು ಲಕ್ಷ ಆಯ್ತು. ಆಮೇಲೆ "ಜಾಹೀರಾತಿಗಿಂತ ಸುದ್ದಿಯನ್ನು ಜನ ಜಾಸ್ತಿ ನಂಬುತ್ತಾರೆ" ಅಂತ ಅದನ್ನು ಮೂರರಿಂದ ಗುಣಿಸುತ್ತೇವೆ. ಮೂರೇ ಯಾಕೆ? ಸುಮ್ನೆ. ನಾನು ಸೇರಿದಾಗಲೂ ಎಕ್ಸೆಲ್ ಶೀಟಿನಲ್ಲಿ ಮೂರೇ ಇತ್ತು.

ಈ ಕ್ಷೇತ್ರದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಕೂತು, ಎವಿಇ ಪಿಆರ್ ಕೆಲಸದ ಬೆಲೆಯೇ ಅಲ್ಲ ಅಂತ ಒಪ್ಪಿಕೊಂಡಿದ್ದಾರೆ. ಆದರೂ ಸ್ಲೈಡಿನಿಂದ ಅದು ಹೋಗುವುದಿಲ್ಲ, ಯಾಕೆಂದರೆ ಕ್ಲೈಂಟ್‌ಗೆ ದೊಡ್ಡ ನಂಬರ್ ಬೇಕು. 2014ರಲ್ಲಿ ತಲೆಗೆ ಐಸ್ ನೀರು ಸುರಿದುಕೊಳ್ಳುವ ಚಾಲೆಂಜ್ ಬಂತಲ್ವಾ, ಅದು ಗೆದ್ದದ್ದು ವಿಡಿಯೋ ಎಷ್ಟು ಜನ ನೋಡಿದರು ಎಂಬುದರಿಂದಲ್ಲ. ಎಎಲ್‌ಎಸ್ ಎಂಬ ನರರೋಗಕ್ಕಾಗಿ ಇರುವ ಅಮೆರಿಕದ ಸಂಸ್ಥೆಗೆ ಸುಮಾರು 11.5 ಕೋಟಿ ಡಾಲರ್ ದೇಣಿಗೆ ಬಂತು, ಅದರಲ್ಲಿ ದೊಡ್ಡ ಪಾಲು ಸಂಶೋಧನೆಗೆ ಹೋಯಿತು. ನೀವೂ ಹಾಗೇ ಕೇಳಿ. ಸುದ್ದಿ ಬಂದ ಮೇಲೆ ಎಣ್ಣೆ ಎಷ್ಟು ಹೋಯಿತು?

ಹಳೇ ಡೆಸ್ಕ್‌ನವ:
ಮೇಲಿನವರು ಹೇಳಿದ್ದು ಸರಿ, ಪತ್ರಿಕೆ ಕಡೆಯದ್ದು ನಾನು ಹೇಳುತ್ತೇನೆ. ಕಾಸರಗೋಡು ಪುಟದಲ್ಲಿ ಬಂದ ಸುದ್ದಿ ನಮ್ಮ ಕಡೆಯ ಪ್ರತಿಗಳಲ್ಲಿ ಮಾತ್ರ ಇರುತ್ತದೆ. ಏಜೆನ್ಸಿಯವರು ‘ರೀಚ್’, ಅಂದರೆ ಎಷ್ಟು ಜನರಿಗೆ ತಲುಪಿತು, ಅಂತ ಬರೆಯುವಾಗ ಪತ್ರಿಕೆಯ ಎಲ್ಲ ಆವೃತ್ತಿಗಳ ಪ್ರಸಾರ ಸಂಖ್ಯೆಯನ್ನೂ ಕೂಡಿಸಿಬಿಡುತ್ತಾರೆ. ಪೆರ್ಲದ ಸುದ್ದಿಯನ್ನು ಬೀದರಿನವರೂ ಓದಿದ ಹಾಗೆ. ಹಾಗಾಗಿ ಕ್ಲಿಪ್ಪಿಂಗ್ ನೋಡುವಾಗ ಪುಟದ ತಲೆಯಲ್ಲಿ ಯಾವ ಊರಿನ ಆವೃತ್ತಿ ಅಂತ ನೋಡಿ. ಅದನ್ನೇ ಕತ್ತರಿಸಿ ಹಾಕಿದ್ದರೆ ನಿಮಗೆ ಗೊತ್ತಾಗಬೇಕು.

ಇನ್ನೊಂದು. ಒಮ್ಮೆ ಸಂಜೆ ಏಳಕ್ಕೆ, ಪುಟ ಕಟ್ಟುವ ಹೊತ್ತಿಗೆ ಒಂದು ಪ್ರೆಸ್‌ನೋಟ್ ಬಂತು. ಇಂಗ್ಲಿಷಿನಿಂದ ಯಾರೋ ತಿರುಗಿಸಿದ್ದು, "ಅಡಿಕೆ ಎಲೆಯಿಂದ ತಯಾರಿಸಿದ ತಟ್ಟೆಗಳು" ಅಂತ ಇತ್ತು. ಅಡಿಕೆ ಎಲೆಯಲ್ಲಿ ತಟ್ಟೆ! ಸೀಳು ಸೀಳು ಸೋಗೆಯಲ್ಲಿ ಸಾರು ಬಡಿಸಿ ನೋಡಲಿ. ಬುಡದ ಹಾಳೆಗೂ ಎಲೆಯ ಸೋಗೆಗೂ ವ್ಯತ್ಯಾಸ ಗೊತ್ತಿಲ್ಲದವರಿಗೆ ತಿಂಗಳಿಗೆ 40 ಸಾವಿರ ಕೊಡಬೇಡಿ. ಮತ್ತೆ ನಿಮ್ಮಲ್ಲಿ ಮದುವೆ ಆರ್ಡರ್ ಕೊಡುವವರಲ್ಲಿ ಅರ್ಧ ಜನ ಮಲಯಾಳ ಓದುವವರು ಅಲ್ವಾ? ಮಲಯಾಳ ಪತ್ರಿಕೆಯವರ ಪರಿಚಯ ಇವರಿಗೆ ಉಂಟಾ ಕೇಳಿ.

ಬದಿಯಡ್ಕದ ಉಪ್ಪಿನಕಾಯಿ:
ಎಲ್ಲರೂ ಏಜೆನ್ಸಿಯನ್ನು ಬೈದದ್ದೇ ಆಯ್ತು, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ತೊಂದರೆ ಬಂದಾಗ ಮಾತಾಡಲು ತಿಳಿದವರು ಬೇಕಾಗುತ್ತದೆ. 2003ರಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಚಾಕೊಲೇಟಿನಲ್ಲಿ ಹುಳ ಸಿಕ್ಕಿದ್ದು ನೆನಪಿದೆಯಾ? ಅವರು ಅಮಿತಾಭ್ ಬಚ್ಚನ್ ಅವರನ್ನು ಜಾಹೀರಾತಿಗೆ ತಂದದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಬರೀ ಮುಖ ತೋರಿಸಿದ್ದಲ್ಲ, ಹೊದಿಕೆಯನ್ನೇ ಬದಲಾಯಿಸಿದರು, ಗಾಳಿಯಾಡದ ಹಾಗೆ ಸೀಲ್ ಮಾಡಿದರು. ಹೇಳಿಕೊಳ್ಳಲು ಕೈಯಲ್ಲಿ ಏನೋ ಇತ್ತು.

ನಿಮ್ಮ ಕೈಯಲ್ಲಿ ಏನುಂಟು ಹೇಳಿ ತಮ್ಮ? ತಟ್ಟೆಗೆ ಬಿಸಿ ಸಾರು ಹಾಕಿದರೆ ಎಂತ ಇಳಿಯುತ್ತದೆ, ಇಳಿಯುವುದಿಲ್ಲ ಎಂಬ ಲ್ಯಾಬ್ ರಿಪೋರ್ಟ್ ಇಲ್ಲದಿದ್ದರೆ ಏಜೆನ್ಸಿ ಬರೆಯುವುದು "ನೈಸರ್ಗಿಕ, ಸುರಕ್ಷಿತ" ಅಂತ ಮಾತ್ರ. ನಾಳೆ ಯಾರಾದರೂ ಆಧಾರ ಕೇಳಿದರೆ ಸಿಕ್ಕಿಬೀಳುವುದು ನೀವು. ಯಾವ ಲ್ಯಾಬಿಗೆ ಕೊಡಬೇಕು ಅಂತ ಸಿಪಿಸಿಆರ್‌ಐಗೆ ಹೋಗಿ ವಿಚಾರಿಸಿ. ತೆಂಗು, ಅಡಿಕೆಯ ಸಂಶೋಧನಾ ಕೇಂದ್ರ ನಮ್ಮ ಕಾಸರಗೋಡಿನಲ್ಲೇ ಇರುವಾಗ ಪೇಟೆಯವರ ಸ್ಲೈಡ್ ಯಾಕೆ ನೋಡುತ್ತೀರಿ? ರಿಪೋರ್ಟ್ ಚೆನ್ನಾಗಿ ಬಂದರೆ ಆಮೇಲೆ ಏಜೆನ್ಸಿ, ಅದೂ ಆ ಒಂದು ಕೆಲಸಕ್ಕೆ ಮಾತ್ರ.

ಪೆರ್ಲದ ಹಾಳೆಯವ:
ಎಲ್ಲರಿಗೂ ಥ್ಯಾಂಕ್ಸ್. ಉಪ್ಪಿನಕಾಯಿ ಅಕ್ಕ ಹೇಳಿದ ಹಾಗೆ ತಟ್ಟೆಯ ಸ್ಯಾಂಪಲ್ ಕಟ್ಟಿಟ್ಟಿದ್ದೇನೆ, ಸೋಮವಾರ ವಿಚಾರಿಸಲು ಹೋಗುವುದು. ಏಜೆನ್ಸಿಯವರಿಗೆ ಎಣ್ಣೆ ಎಷ್ಟು ಹೋಯಿತು ಅಂತ ಕೇಳಿದೆ. "ಸರ್, ಅದು ಸೇಲ್ಸ್ ಟೀಮಿನ ವಿಷಯ" ಅಂದರು. ಕೊನೆಗೆ ಆ ಎಣ್ಣೆಯವರ ನಂಬರ್ ಹುಡುಕಿ ನಾನೇ ಫೋನ್ ಮಾಡಿದೆ. ಪಾಪ, ಒಳ್ಳೇ ಜನ, ಅರ್ಧ ಗಂಟೆ ಮಾತಾಡಿದರು. ಸುದ್ದಿ ಚೆಂದ ಬಂದಿತ್ತಂತೆ, ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತು ಹಾಕಿದ್ದಾರಂತೆ. ಅದನ್ನು ನೋಡಿ ಫೋನ್ ಮಾಡಿದವರು ನಾಲ್ಕು ಜನ. ಮೂವರು ಬೇರೆ ಪತ್ರಿಕೆಗಳ ಜಾಹೀರಾತು ವಿಭಾಗದವರು, ಇನ್ನೊಬ್ಬರು ತೆಂಗಿನಕಾಯಿ ಬೇಕಾ ಅಂತ ಕೇಳಿದವರು.